ಕಾರ್ವೆಟ್ ಕಿಟ್‌ನಿಂದ ಹವಾಮಾನ ನೌಕೆ: ನನ್ನ ಅನುಭವ

ಪ್ಲಾಸ್ಟಿಕ್ ಮಾದರಿ ಹಡಗಿನ ಕಿಟ್ ಇರುವುದು ಕಪಾಟಿಗೆ, ನೀರಿಗಲ್ಲ ಎಂದರು. ಅದರ ಬೆನ್ನಿನ ಮೇಲೆ ಶೆಡ್ ಬೇರೆ ಕಟ್ಟಿದರೆ ಮೊದಲ ತಿರುವಿನಲ್ಲೇ ಮಗುಚುತ್ತದೆ ಎಂದರು. ಹಾಗೆಂದವರ ಕಣ್ಣೆದುರೇ ಹೋದ ತಿಂಗಳು ರಿಮೋಟ್‌ನಿಂದ ನಡೆಸುವ ನನ್ನ ನೌಕೆ ಮುಕ್ಕಾಲು ಗಂಟೆ ಓಡಿತು. ಒಳಗೆ ಒಂದು ಹನಿ ನೀರಿರಲಿಲ್ಲ.

ಕಿಟ್ 1:72 ಅಳತೆಯ ಫ್ಲವರ್ ವರ್ಗದ ಕಾರ್ವೆಟ್, ಅಂದರೆ ಚಿಕ್ಕ ಬೆಂಗಾವಲು ಯುದ್ಧನೌಕೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ ಇಂಥ ನಾಲ್ಕು ನೌಕೆಗಳನ್ನು ಅಟ್ಲಾಂಟಿಕ್‌ನಲ್ಲಿ ಹವೆ ನೋಡುವ ಕೆಲಸಕ್ಕೆ ಹಚ್ಚಿತ್ತು. ಅವುಗಳಲ್ಲಿ ‘ಜೆನಿಸ್ಟಾ’ ಎಂಬುದು ‘ವೆದರ್ ರೆಕಾರ್ಡರ್’ ಆಯಿತು. ನಾನು ಹಿಡಿದದ್ದು ಅದನ್ನೇ. ಫಿರಂಗಿ, ಡೆಪ್ತ್ ಚಾರ್ಜ್ (ಜಲಾಂತರ್ಗಾಮಿಗಳ ಮೇಲೆ ಬಿಡುವ ಬಾಂಬು) ಬಿಟ್ಟುಬಿಡುವುದು ಒಂದು ಸಂಜೆಯ ಕೆಲಸ. ಹವೆ ನೋಡುವ ಬಲೂನುಗಳನ್ನು ತುಂಬಿಸಿ ಬಿಡುವ ಬಲೂನ್ ಶೆಡ್ಡೇ ತಿಂಗಳುಗಳನ್ನು ನುಂಗಿತು.

ಒಡಲು ಸುಮಾರು 87 ಸೆಂ.ಮೀ. ಉದ್ದ. ನೀರಿನ ಗೆರೆಗೆ ಸರಿಯಾಗಿ ಕೂರಲು ಒಟ್ಟು ಎರಡೂವರೆ ಕಿಲೋ ತೂಕ ಬೇಕು. ಮೊದಲ ಸಲ ಸೀಸದ ಗುಂಡುಗಳನ್ನು ತಳಕ್ಕೆ ಸುರಿದು, ಮೇಲೆ ಎಪಾಕ್ಸಿಯನ್ನು (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಒಂದೇ ಏಟಿಗೆ ಹೊಯ್ದೆ. ಹತ್ತು ನಿಮಿಷದಲ್ಲಿ ಕೈಯಿಡಲಾಗದಷ್ಟು ಬಿಸಿಯಾಯಿತು. ಬೆಳಿಗ್ಗೆ ನೋಡಿದರೆ ತಳ ಹಪ್ಪಳದಂತೆ ಉಬ್ಬಿತ್ತು. ಆ ಒಡಲು ಕಸಕ್ಕೆ ಹೋಯಿತು, ಇನ್ನೊಂದು ಕಿಟ್ ಕೊಳ್ಳಬೇಕಾಯಿತು. ಮೋಟಾರ್, ರಿಸೀವರ್, ಸ್ಪೀಡ್ ಕಂಟ್ರೋಲರ್ ಎಲ್ಲ ಸೇರಿದರೂ ಆ ಎರಡನೇ ಕಿಟ್‌ನಷ್ಟು ಹಣ ಆಗಲಿಲ್ಲ. ಈ ಲೆಕ್ಕ ಈಗಲೂ ಹೊಟ್ಟೆ ಉರಿಸುತ್ತದೆ. ಎರಡನೇ ಸಲ ತೆಳುವಾಗಿ ನಾಲ್ಕು ಪದರ ಹೊಯ್ದೆ, ದಿನಕ್ಕೊಂದೇ ಪದರ.

ಮೇಲ್ಭಾಗದ ಭಾರ ಅದಕ್ಕಿಂತ ಕಾಡಿತು. ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಹಾಳೆಯಲ್ಲಿ ಕಟ್ಟಿದಾಗ ಶೆಡ್, ಬ್ರಿಜ್ (ನೌಕೆ ನಡೆಸುವ ಕಟ್ಟೆ), ಮಾಸ್ಟ್ ಸೇರಿ 400 ಗ್ರಾಂ ಆಸುಪಾಸು. ತೊಟ್ಟಿಗಿಳಿಸಿದರೆ ಒಂದು ಮಗ್ಗುಲಿಗೆ ವಾಲಿದ್ದು ಏಳಲೇ ಇಲ್ಲ. ಎಲ್ಲ ಕಿತ್ತು ಅರ್ಧ ಮಿಲಿಮೀಟರ್ ಹಾಳೆಯಲ್ಲಿ ಮತ್ತೆ ಕಟ್ಟಿದೆ: 250ಕ್ಕೆ ಇಳಿಯಿತು. ತೆಳು ಹಾಳೆಗೆ ಒಳಗೆ ಪಕ್ಕೆಲುಬು ಕೊಡಲೇಬೇಕು. ಮುಚ್ಚಿದ ಪೆಟ್ಟಿಗೆಗೆ ಕಾಣದ ಕಡೆ ಒಂದು ತೂತೂ ಇರಲಿ. ಇಲ್ಲವಾದರೆ ಅಂಟಿನ ಆವಿ ಒಳಗೇ ಉಳಿದು ಗೋಡೆಯನ್ನು ಮೆತ್ತಗೆ ಮಾಡುತ್ತದೆ. ನನ್ನ ಮೊದಲ ಶೆಡ್‌ನ ಚಾವಣಿ ವಾರದ ನಂತರ ಕುಸಿದದ್ದು ಹಾಗೆಯೇ.

ನಡುವೆ ಶೆಡ್‌ನ ಬಾಗಿಲನ್ನು ಸರ್ವೋದಿಂದ, ಅಂದರೆ ರಿಮೋಟ್‌ಗೆ ತಿರುಗುವ ಪುಟ್ಟ ಮೋಟಾರಿನಿಂದ, ತೆರೆಸುವ ಹುಚ್ಚು ಹತ್ತಿತು. ಮೂರು ವಾರ ಹೋಯಿತು. ಬಾಗಿಲೇನೋ ಚೆನ್ನಾಗಿ ತೆರೆಯಿತು, ಆದರೆ ಸರ್ವೋದ ಭಾರ ಎತ್ತರದಲ್ಲಿ ಕೂತು ಗಳಿಸಿದ್ದನ್ನೆಲ್ಲ ತಿಂದುಹಾಕಿತು. ಬಿಚ್ಚಿ ಎತ್ತಿಟ್ಟಿದ್ದೇನೆ, ದೊಡ್ಡ ಒಡಲೊಂದು ಸಿಗಲಿ.

ಮೋಟಾರಿನ ವಿಷಯದಲ್ಲಿ ದುರಾಸೆ ಬೇಡ. ಅಸಲಿ ನೌಕೆಯ ವೇಗ 16 ನಾಟ್, ಗಂಟೆಗೆ ಸುಮಾರು 30 ಕಿ.ಮೀ. ನಮ್ಮ ಅಳತೆಗೆ ಸೆಕೆಂಡಿಗೆ ಒಂದು ಮೀಟರ್ ಸಾಕು. ದೊಡ್ಡ ಮೋಟಾರ್ ಹಾಕಿದ್ದಾಗ ನೌಕೆ ಸ್ಪೀಡ್‌ಬೋಟಿನಂತೆ ಮೂತಿ ಎತ್ತುತ್ತಿತ್ತು.

ಡೆಕ್ ಬಿಚ್ಚಿ ಬ್ಯಾಟರಿ ಬದಲಿಸುವಂತಿದ್ದೂ ನೀರು ಹೇಗೆ ನುಗ್ಗುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಗ್ರೀಸ್ ಅಲ್ಲ, ರಬ್ಬರ್ ಪಟ್ಟಿಯೂ ಅಲ್ಲ. ಅಷ್ಟು ಮಾತ್ರ ಹೇಳುತ್ತೇನೆ.

ಫ್ಲವರ್ ನೌಕೆ ಒದ್ದೆ ಹುಲ್ಲಿನ ಮೇಲೂ ಹೊರಳಾಡುತ್ತದೆ ಎಂದು ಅದರ ನಾವಿಕರು ಹೇಳುತ್ತಿದ್ದರಂತೆ. ಮೊನ್ನೆ ಗಾಳಿ ಎದ್ದಾಗ ನನ್ನದೂ ಹೊರಳಿತು: ಡೆಕ್‌ನ ಅಂಚು ನೀರು ಮುಟ್ಟುವವರೆಗೆ ವಾಲಿ, ಒಂದು ಕ್ಷಣ ತಡೆದು, ನಿಧಾನವಾಗಿ ನೆಟ್ಟಗೆ ಎದ್ದು ನಿಂತಿತು.