ಆಟದ ನಡುವೆ ವಾದ ಎದ್ದರೆ ಹೀಗೆ ಮಾಡಿ ನೋಡಿ

ಮಡಿಕೇರಿ, ವಿರಾಜಪೇಟೆ ಕಡೆ ಮಳೆ ಹಿಡಿದರೆ ಮನೆಯೊಳಗೇ ಕೂರಬೇಕು ಅಲ್ವಾ? ಆಗ ಡಂಜನ್ಸ್ ಅಂಡ್ ಡ್ರಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಹಾಕುತ್ತಾ ಕಥೆ ಕಟ್ಟುವ ಆಟ) ಆಡುವವರಿಗೆ ಒಂದು ಸಲಹೆ. ರೂಲ್ ಬಗ್ಗೆ ವಾದ ಬಂದರೆ ಆಟ ನಿಲ್ಲಿಸಿ ಪುಸ್ತಕ ತಿರುವುತ್ತಾ ಕೂರಬೇಡಿ. ಆಟ ನಡೆಸುವವರು ಆ ಹೊತ್ತಿಗೆ ಒಂದು ತೀರ್ಮಾನ ಹೇಳಲಿ. ಕಾಫಿಗೆ ಎದ್ದಾಗ ಪುಸ್ತಕ ನೋಡಿದರಾಯಿತು. ಯಾರದಾದರೂ ಪಾತ್ರ ಸಾಯುವ ಹಾಗಿದ್ದರೆ ಮಾತ್ರ ಅಲ್ಲೇ ನೋಡಿ.

ಪಾತ್ರದ ಒಳ್ಳೆಯತನದ ಜಗಳ ಇದಕ್ಕಿಂತ ಕಷ್ಟ. ಶರಣಾಗಿ ಕತ್ತಿ ಕೆಳಗಿಟ್ಟ ಕಳ್ಳನನ್ನು ಪಾಲಡಿನ್, ಅಂದರೆ ಧರ್ಮಕ್ಕಾಗಿ ಹೋರಾಡುವ ಯೋಧ, ಕಡಿದುಬಿಟ್ಟ ಅಂತಿಟ್ಟುಕೊಳ್ಳಿ. ಸರಿಯಾ, ತಪ್ಪಾ? ಒಬ್ಬೊಬ್ಬರು ಒಂದೊಂದು ಆವೃತ್ತಿ ಓದಿರುತ್ತಾರೆ, ಗೊಂದಲ ಅಲ್ಲೇ ಶುರು. ಪಾತ್ರದ ನೈತಿಕ ಒಲವಿಗೆ ಈ ಆಟದಲ್ಲಿ ಅಲೈನ್‌ಮೆಂಟ್ ಅಂತಾರೆ. 1974ರ ಮೊದಲ ಆವೃತ್ತಿಯಲ್ಲಿ ಇದ್ದದ್ದು ಲಾ (ಕಟ್ಟುಪಾಡು), ನ್ಯೂಟ್ರಾಲಿಟಿ (ತಟಸ್ಥತೆ), ಕೇಯಾಸ್ (ಅರಾಜಕತೆ) ಮೂರೇ. ಒಂಬತ್ತು ಅಲೈನ್‌ಮೆಂಟ್ ಬಂದದ್ದು 1978ರ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ. ಅದರ ಪ್ರಕಾರ ಪಾಲಡಿನ್ ಬೇಕಂತಲೇ ಕೆಟ್ಟ ಕೆಲಸ ಮಾಡಿದರೆ ಅವನ ವಿಶೇಷ ಶಕ್ತಿಗಳೇ ಹೋಗುತ್ತವೆ. 2014ರ ಆವೃತ್ತಿಯಲ್ಲಿ ಅವನು ಲಾಫುಲ್ ಗುಡ್ (ಕಟ್ಟುಪಾಡು ಮೀರದ ಒಳ್ಳೆಯವ) ಆಗಿರಲೇಬೇಕು ಅಂತಿಲ್ಲ, ತೊಟ್ಟ ಪ್ರತಿಜ್ಞೆಯೇ ಮುಖ್ಯ. ಹಾಗಾಗಿ ಯಾವ ಆವೃತ್ತಿ ಅಂತ ಮೊದಲೇ ಮಾತಾಡಿಕೊಳ್ಳಿ.

"ನನ್ನ ಪಾತ್ರ ಇರೋದೇ ಹಾಗೆ" ಅಂತ ಜೊತೆಯವರ ಚೀಲಕ್ಕೇ ಕೈ ಹಾಕುವವರೂ ಇರುತ್ತಾರೆ. ಅವರನ್ನು ಸುಮ್ನೆ ಬೈಯಬೇಡಿ. "ನಿನ್ನ ಪಾತ್ರಕ್ಕೆ ಈ ಹಣ ಯಾಕೆ ಬೇಕು?" ಅಂತ ಕೇಳಿ. ಉತ್ತರ ಇದ್ದರೆ ಒಳ್ಳೆಯ ಕಥೆ ಹುಟ್ಟುತ್ತದೆ. ಇಲ್ಲದಿದ್ದರೆ ಕದಿಯುವುದು ಬೇಡ ಅಂತ ನೇರವಾಗಿ ಹೇಳಿ. ಮಕ್ಕಳೂ ಆಡಲು ಕೂತಿದ್ದರೆ, ಚಿತ್ರಹಿಂಸೆಯ ದೃಶ್ಯ ಬೇಡ ಅಂತ ದಾಳ ಹಾಕುವ ಮೊದಲೇ ತಿಳಿಸಿಬಿಡಿ.