ಮೂನಿ ಎಷ್ಟು ಕೊಡುತ್ತೆ ಅಂತ ಕೇಳುವವರಿಗೆ ನನ್ನ ಲೆಕ್ಕ

ಹೋದ ತಿಂಗಳು ಮಗಳನ್ನು ಕಾಲೇಜಿಗೆ ಬಿಡಲು ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಿಂದ ಸ್ಯಾನ್ ಡಿಯೇಗೊಗೆ ನನ್ನ ಮೂನಿಯಲ್ಲಿ ಹಾರಿದೆ. ಮೂನಿ ಅಂದರೆ ಒಂದೇ ಎಂಜಿನ್ನಿನ ಪುಟ್ಟ ವಿಮಾನ. ಸುಮಾರು 370 ನಾಟಿಕಲ್ ಮೈಲಿ (ಒಂದು ಅಂದರೆ 1.85 ಕಿ.ಮೀ.). ಎರಡು ಗಂಟೆ ನಲವತ್ತು ನಿಮಿಷ, 25 ಗ್ಯಾಲನ್. ಇದೇ ದಾರಿಗೆ ಬಾಡಿಗೆ ಸೆಸ್ನಾ 172 ಮೂರೂವರೆ ಗಂಟೆ ತಗೊಂಡು 30 ಗ್ಯಾಲನ್ ಹತ್ತಿರ ಕುಡಿಯುತ್ತಿತ್ತು.

ಕೊಳ್ಳುವಾಗ ಮೂನಿ ಬೇಡ ಅಂದವರೇ ಜಾಸ್ತಿ. ಒಳಗೆ ಇಕ್ಕಟ್ಟು, ಚಕ್ರ ಮಡಚುವ ವಿಮಾನಕ್ಕೆ ಇನ್ಶೂರೆನ್ಸ್ ದುಬಾರಿ ಅಂತ. ‘ಸುಮ್ನೆ ಬೊನಾಂಜಾ ತಗೋ ಮಾರಾಯ’ ಅಂದ ಒಬ್ಬ ಗೆಳೆಯ. ಆ ವಿಮಾನ 165 ನಾಟ್, ಅಂದರೆ ಗಂಟೆಗೆ 165 ನಾಟಿಕಲ್ ಮೈಲಿ ಹೋಗುತ್ತೆ, ನಿಜ. ಆದರೆ ಗಂಟೆಗೆ 14 ಗ್ಯಾಲನ್ ಬೇಕು. ಊರಲ್ಲಿ ಬೈಕ್ ತಗೊಳ್ಳುವಾಗ ಮೊದಲು ‘ಎಷ್ಟು ಕೊಡುತ್ತೆ?’ ಅಂತ ಕೇಳ್ತೀವಿ, ಅಲ್ವಾ? ನಾನೂ ಅದನ್ನೇ ಲೆಕ್ಕ ಹಾಕಿದೆ. ಮೇಲೇರಿ ನೇರ ಹಾರುವಾಗ ಗ್ಯಾಲನ್ನಿಗೆ ಬೊನಾಂಜಾ 12 ನಾಟಿಕಲ್ ಮೈಲಿ, ಸೆಸ್ನಾ 182 ಹತ್ತೂವರೆ, 172 ಹದಿಮೂರು. ಮೂನಿ ಎಂ20ಜೆ ಹದಿನಾರರ ಮೇಲೆ. 1977ರಲ್ಲಿ ಬಂದ ಮಾಡೆಲ್ ಅದು. 200 ಹಾರ್ಸ್‌ಪವರ್, ಗಂಟೆಗೆ 201 ಸಾಮಾನ್ಯ ಮೈಲಿ ವೇಗ, ಅದಕ್ಕೇ 201 ಅಂತ ಹೆಸರು.

ಮೊದಲು ನೋಡಿದ ವಿಮಾನ ಹೊಳೆಯುತ್ತಿತ್ತು, ರೇಡಿಯೋಗಳೂ ಹೊಸವು. ಬಗ್ಗಿ ರೆಕ್ಕೆಯ ಅಡಿ ನೋಡಿದರೆ ಚಕ್ರದ ಗೂಡಿನ ಹತ್ತಿರ ಅಂಗೈ ಅಗಲದ ನೀಲಿ ಕಲೆ. ಮೂಗಿಗೆ ಇಂಧನದ ವಾಸನೆ. ಟ್ಯಾಂಕ್ ಸೋರುತ್ತಿತ್ತು. ‘ಒರೆಸಿದರೆ ಹೋಗುತ್ತೆ’ ಅಂದರು ಮಾರುವವರು. ನನ್ನ ಮೆಕ್ಯಾನಿಕ್ ರೆಕ್ಕೆಯೊಳಗಿನ ಎರಡೂ ಟ್ಯಾಂಕ್ ಬಿಚ್ಚಿ ಮತ್ತೆ ಸೀಲ್ ಮಾಡಬೇಕು, ಹತ್ತು ಹನ್ನೆರಡು ಸಾವಿರ ಡಾಲರ್ ಆಗುತ್ತೆ ಅಂದ. ತಪಾಸಣೆಗೆ ಕೊಟ್ಟ ಸಾವಿರದ ಐನೂರು ಅಲ್ಲೇ ಹೋಯಿತು. ಹೊಟ್ಟೆ ಉರಿಯಿತು, ಆದರೂ ಬಿಟ್ಟು ಬಂದೆ.

ಎರಡನೆಯದನ್ನು ಕೊಂಡೆ. ಟ್ಯಾಂಕ್ ಸೋರುತ್ತಿರಲಿಲ್ಲ, ಆದರೆ ಇಳಿಯುವಾಗಿನ ಹೊಡೆತ ತಡೆಯುವ ಚಕ್ರದ ಕಾಲಿನ ರಬ್ಬರ್ ಬಿಲ್ಲೆಗಳು ಚಪ್ಪಟೆಯಾಗಿ ಅಂಚು ಬಿರಿದಿದ್ದವು. ಹನ್ನೊಂದನ್ನೂ ಬದಲಾಯಿಸಿದೆ, ಕೂಲಿ ಸೇರಿ ಎರಡು ಸಾವಿರ ಆಯಿತು. ಮೊದಲ ಆನ್ಯುಯಲ್‌ಗೆ, ಅಂದರೆ ವರ್ಷಕ್ಕೊಮ್ಮೆಯ ತಪಾಸಣೆಗೆ, ಆರು ಸಾವಿರ. ಇಳಿಸುವುದೂ ಹೊಸ ಪಾಠವೇ. 80 ನಾಟ್‌ನಲ್ಲಿ ಬಂದರೆ ರನ್‌ವೇ ಅರ್ಧ ಮುಗಿದರೂ ಅದು ತೇಲುತ್ತಲೇ ಇರುತ್ತೆ. ಎರಡು ಸಲ ಮತ್ತೆ ಎತ್ತಿಕೊಂಡು ಹೋಗಿದ್ದೇನೆ. ಕೊನೆಗೆ 70ಕ್ಕೆ ಹಿಡಿದ ಮೇಲೆ ಸಲೀಸಾಗಿ ಕೂರುತ್ತಿದೆ.

ಇಂಧನ ಉಳಿದಿದ್ದು ಪೀಕ್‌ಗಿಂತ ಲೀನ್ ಓಡಿಸಿದ್ದರಿಂದ. ಎಂಜಿನ್ನಿನ ಹೊಗೆ ಅತಿ ಬಿಸಿಯಾಗುವ ಮಿಶ್ರಣ ಪೀಕ್, ಅದಕ್ಕಿಂತ ಕಡಿಮೆ ಇಂಧನ ಬಿಟ್ಟರೆ ಲೀನ್. ಮೊದಮೊದಲು ಎಂಜಿನ್ ನಡುಗುತ್ತಿತ್ತು. ನಾಲ್ಕು ಸಿಲಿಂಡರ್‌ಗಳೂ ಒಂದೇ ಹೊತ್ತಿಗೆ ಪೀಕ್ ಆಗುತ್ತಿರಲಿಲ್ಲ, ಮೊದಲು ಪೀಕ್ ಆದದ್ದಕ್ಕೂ ಕೊನೆಯದಕ್ಕೂ ಗಂಟೆಗೆ ಒಂದು ಗ್ಯಾಲನ್ ಹತ್ತಿರ ಅಂತರ. ಸಿಲಿಂಡರ್‌ಗೆ ಇಂಧನ ಚಿಮ್ಮಿಸುವ ನಾಜಲ್ ತೊಳೆಸಿ, ಒಂದೆರಡನ್ನು ಬದಲಾಯಿಸಿದ ಮೇಲೆ ಅದು ಅರ್ಧ ಗ್ಯಾಲನ್ನಿಗಿಂತ ಕಡಿಮೆಯಾಯಿತು. ಈಗ ಗಂಟೆಗೆ 9 ಗ್ಯಾಲನ್ನಿನಲ್ಲಿ 150 ನಾಟ್, ಸಿಲಿಂಡರ್ ಬಿಸಿ 350 ಡಿಗ್ರಿ ಫ್ಯಾರನ್‌ಹೀಟ್ ದಾಟಲ್ಲ. ಬಿಸಿ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಮಾಡುವ ಕ್ರಮವೂ ಕೈಗೆ ಸಿಕ್ಕಿದೆ. ಅದನ್ನು ಬರೆಯುವುದಿಲ್ಲ, ಹ್ಯಾಂಗರ್‌ಗೆ ಬಂದವರಿಗೆ ತೋರಿಸ್ತೀನಿ.

ಇನ್ನೊಂದು ಪ್ರಯೋಗ ಮಾಡಿದೆ. ತೂಕದ, ಸಮತೋಲದ ಲೆಕ್ಕ ಮಿತಿಯೊಳಗೇ ಇಟ್ಟುಕೊಂಡು ಬ್ಯಾಗುಗಳನ್ನೆಲ್ಲ ಹಿಂದೆ ಸರಿಸಿದೆ. ಖರ್ಚಿಲ್ಲದೆ ಒಂದೆರಡು ನಾಟ್ ಜಾಸ್ತಿ ಬಂತು.

ಮೊನ್ನೆ ಆ ಬೊನಾಂಜಾ ಗೆಳೆಯನೇ ಫೋನ್ ಮಾಡಿದ್ದ. ‘ನಿಂದರ ಥರದ್ದು ಇನ್ನೊಂದು ಇದ್ರೆ ಹೇಳೋ’ ಅಂದ. ಟ್ಯಾಂಕ್ ನೋಡೋಕೆ ನಾನೇ ಬರ್ತೀನಿ ಅಂದಿದ್ದೇನೆ.