ಹಣ್ಣನ್ನು ತೊಳೆದು ಇಡಬೇಡಿ

ಹಣ್ಣು ಮನೆಗೆ ಬಂದ ಕೂಡಲೇ ಸಿಂಕಿಗೆ ಸುರಿಯುವುದು, ವಿನೆಗರ್ರೋ ಅಡುಗೆ ಸೋಡಾವೋ ಹಾಕಿ ತಿಕ್ಕುವುದು, ನೀರು ಆರುವ ಮೊದಲೇ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತುವುದು. ಈಗ ಯಾವ ಮನೆಗೆ ಹೋದರೂ ಇದೇ. ನಾಲ್ಕು ದಿನಕ್ಕೆ ಕಿತ್ತಳೆ ಮೇಲೆ ಹಸಿರು ಬೂಷ್ಟು, ಆಮೇಲೆ ಅಂಗಡಿಯವನಿಗೆ ಬೈಗುಳ. ಅಲ್ಲ ಕಣ್ರಮ್ಮಾ, ತಿನ್ನುವ ಹೊತ್ತಿಗೆ ಚೆನ್ನಾಗಿ ತೊಳೆಯಿರಿ, ಯಾರು ಬೇಡ ಅಂದರು? ಇಡುವ ಹೊತ್ತಿಗೆ ಯಾಕೆ ತೊಳೆಯುತ್ತೀರಿ?

ಸಿಪ್ಪೆಯ ಮೇಲೆ ಕಣ್ಣಿಗೆ ಕಾಣದ ಯೀಸ್ಟು ತಾನಾಗಿಯೇ ಇರುತ್ತದೆ. ಪುಡಿ ಯೀಸ್ಟು ಹಾಕದೆ ಬರೀ ದ್ರಾಕ್ಷಿ ಹಿಸುಕಿ ಭರಣಿಯಲ್ಲಿಟ್ಟರೂ ವೈನು ಹುದುಗುತ್ತದಲ್ಲ, ಅದು ಇದರಿಂದಲೇ. ಹಣ್ಣು ಎಲ್ಲಾದರೂ ಗೀರಿದರೆ ಅಲ್ಲಿ ಒಸರುವ ರಸಕ್ಕೆ ಬೂಷ್ಟೂ ಯೀಸ್ಟೂ ಎರಡೂ ಕಾಯುತ್ತಿರುತ್ತವೆ. ಯೀಸ್ಟು ಮೊದಲು ಆ ಸಿಹಿ ಹೀರಿ ಜಾಗ ಹಿಡಿಯಿತೋ, ಬೂಷ್ಟಿಗೆ ಮೊಳೆಯಲು ಏನೂ ಉಳಿಯದು. ತೋಟಗಾರಿಕೆ ಓದುವ ಮೊಮ್ಮಗಳು ಹೇಳಿದಳು, ಕ್ಯಾಂಡಿಡಾ ಓಲಿಯೋಫಿಲಾ ಅನ್ನುವ ಯೀಸ್ಟನ್ನು ಕಿತ್ತಳೆ, ಸೇಬು ಕೆಡದಿರಲೆಂದು 1995ರಲ್ಲೇ ಅಮೆರಿಕದಲ್ಲಿ ಮಾರಾಟಕ್ಕೆ ತಂದಿದ್ದರಂತೆ. ನೀವು ಪುಕ್ಕಟೆ ಬಂದದ್ದನ್ನೇ ತಿಕ್ಕಿ ಮೋರಿಗೆ ಬಿಡುತ್ತೀರಿ. ಆದರೆ ಬೂಷ್ಟು ಒಮ್ಮೆ ಒಳಗಿಳಿದ ಮೇಲೆ ಯಾವ ಯೀಸ್ಟೂ ಅದನ್ನು ಓಡಿಸುವುದಿಲ್ಲ, ಅದು ನೆನಪಿರಲಿ.

ಹಾಗಾಗಿ ಗೀರು ಸಣ್ಣದಿರಬೇಕು, ಸಿಪ್ಪೆ ಒಣಗಿರಬೇಕು. ನಮ್ಮ ಕಾಫಿ ತೋಟದ ನಡುವೆ ಕಿತ್ತಳೆ ಮರಗಳಿದ್ದವು. ನಮ್ಮತ್ತೆ ಇಬ್ಬನಿ ಪೂರ್ತಿ ಆರುವ ತನಕ ಒಂದು ಹಣ್ಣನ್ನೂ ಮುಟ್ಟಗೊಡುತ್ತಿರಲಿಲ್ಲ. ನೀರುಂಡು ಬಿಗಿದ ಸಿಪ್ಪೆ ಬೆರಳು ಒತ್ತಿದರೂ ಒಡೆದು ಎಣ್ಣೆ ಬಿಡುತ್ತದೆ, ಅಲ್ಲಿಂದಲೇ ಕೊಳೆತ ಶುರು. ಆಮೇಲೆ ಕೀಳುವುದಲ್ಲ, ಕತ್ತರಿಸುವುದು. ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಎಳೆದರೆ ತೊಟ್ಟಿನ ಜೊತೆ ಸಿಪ್ಪೆಯ ಚೂರೂ ಕಿತ್ತು ಬಂದು ಅಲ್ಲೇ ತೂತು. ಮೊದಲು ಕಡ್ಡಿ ಸ್ವಲ್ಪ ಉದ್ದ ಬಿಟ್ಟು ಕತ್ತರಿಸಿ, ಕೈಗೆ ಬಂದ ಮೇಲೆ ತೊಟ್ಟಿನ ಹಸಿರು ನಕ್ಷತ್ರ ಹಾಗೇ ಉಳಿಯುವಂತೆ ಇನ್ನೊಮ್ಮೆ ಒತ್ತಿ ಕತ್ತರಿಸಬೇಕು. ಉದ್ದ ಬಿಟ್ಟರೆ ಆ ಕಡ್ಡಿ ಪಕ್ಕದ ಹಣ್ಣನ್ನು ಚುಚ್ಚುತ್ತದೆ. ಎರಡು ಸಲ ಕತ್ತರಿಸಲು ಬೇಸರವೇ? ಹಾಗಾದರೆ ಮರದಲ್ಲೇ ಬಿಡಿ, ಹಕ್ಕಿಯಾದರೂ ತಿನ್ನಲಿ.

ಕೊಯ್ದದ್ದನ್ನು ಕೂಡಲೇ ಬುಟ್ಟಿಗೆ ತುಂಬಬೇಡಿ. ನೆರಳಲ್ಲಿ ಗೋಣಿ ಹಾಸಿ, ತೊಟ್ಟು ಮೇಲಾಗಿ ಒಂದೇ ಸಾಲು ಹರವಿ ಎರಡು ಮೂರು ದಿನ ಬಿಡಿ. ಸಿಪ್ಪೆ ಒಂಚೂರು ಬಾಡಿ, ಒತ್ತಿದರೆ ಮೆತ್ತಗೆ ಬಗ್ಗಬೇಕು, ಚರ್ಮದ ಚೀಲದ ಹಾಗೆ. ಸಣ್ಣಪುಟ್ಟ ಗೀರು ಅಷ್ಟರಲ್ಲಿ ಒಣಗಿ ಗಟ್ಟಿಯಾಗುತ್ತದೆ. ಆಮೇಲೆ ಅಟ್ಟದಲ್ಲಿ ಒಣ ಭತ್ತದ ಹುಲ್ಲು ಹಾಸಿ, ಹಣ್ಣಿಗೆ ಹಣ್ಣು ತಾಗದಂತೆ ಇಡಿ. ನೀಲಿ ಬೂಷ್ಟು ತಾಗಿದ ಹಣ್ಣಿಗೆಲ್ಲ ಹಬ್ಬುವ ಜಾತಿಯದು. ಹುಲ್ಲು ಪ್ರತಿ ವರ್ಷ ಹೊಸದು. ಬುಟ್ಟಿಗೆ ಕುದಿನೀರು ಹೊಯ್ದು ಬಿಸಿಲಿಗೆ ಹಾಕಿ. ಹಣ್ಣನ್ನು ಬಿಟ್ಟು ಬುಟ್ಟಿ ತೊಳೆಯಿರಿ ಅಂದರೆ ಯಾರಿಗೂ ಅರ್ಥವಾಗುವುದಿಲ್ಲ.

ಹುಣಸೆಹಣ್ಣಿಗೂ ಇದೇ ಅವಸರ ಮಾಡುತ್ತೀರಿ. ಬೀಜ ನಾರು ತೆಗೆದು, ಅಂಟು ಕಡಿಮೆಯಾಗುವಷ್ಟು ಬಿಸಿಲು ತೋರಿಸಿ, ಪದರ ಪದರಕ್ಕೆ ಕಲ್ಲುಪ್ಪು ಹಾಕಿ ಭರಣಿಗೆ ಒತ್ತಬೇಕು. ಪುಡಿಯುಪ್ಪು ಉದುರಿಸಿ ಕೈ ತೊಳೆದುಕೊಂಡರೆ ಆಯಿತೇ?

ದಿನ ಬಿಟ್ಟು ದಿನ ಅಟ್ಟಕ್ಕೆ ಮೂಗು ಹಾಕಿ. ನಮ್ಮತ್ತೆ ಏಣಿಯ ಮೇಲಿಂದಲೇ ವಾಸನೆ ಹಿಡಿದು ಕೆಟ್ಟದ್ದು ಯಾವ ಮೂಲೆಯಲ್ಲಿದೆ ಎಂದು ಹೇಳುತ್ತಿದ್ದರು. ಕೆಟ್ಟ ಹಣ್ಣನ್ನು ಎತ್ತಿ ಅಲ್ಲಾಡಿಸಬೇಡಿ, ಹಸಿರು ಪುಡಿ ಹೊಗೆಯಂತೆ ಹಾರಿ ಎಲ್ಲದರ ಮೇಲೂ ಕೂರುತ್ತದೆ. ಒದ್ದೆ ಕಾಗದದಲ್ಲಿ ಮುಚ್ಚಿ ಹಿಡಿದು ಹೊರಗೆ ಒಯ್ಯಿರಿ. ಅದರ ಒಳ್ಳೆಯ ಅರ್ಧ ಕತ್ತರಿಸಿ ಮಕ್ಕಳಿಗೆ ಕೊಡುವುದೂ ಬೇಡ.

ಪೇಟೆಯ ಥಳಥಳ ಹೊಳೆಯುವ ಕಿತ್ತಳೆಯನ್ನು ಮೊದಲೇ ತೊಳೆದು ಮೇಣ ಹಚ್ಚಿರುತ್ತಾರೆ, ಅದರ ಮೇಲೆ ತೋಟದ ಯೀಸ್ಟು ಎಷ್ಟು ಉಳಿದಿರಲು ಸಾಧ್ಯ? ಅಂಥದ್ದನ್ನು ಅಟ್ಟಕ್ಕೇರಿಸಬೇಡಿ, ವಾರಕ್ಕೆ ಬೇಕಾದಷ್ಟೇ ತನ್ನಿ.